ಎರಡನೇ ಗೇರಿಗೆ ಹೋಗಲು ಸಂಕೋಚಪಡುವ ಗೇರ್‌ಬಾಕ್ಸ್ ಅವರಿಗೆ

ಸನ್ಮಾನ್ಯ ಶ್ರೀ ಸ್ವಯಂಚಾಲಿತ ಗೇರ್‌ಬಾಕ್ಸ್ ಅವರ ಸನ್ನಿಧಿಗೆ,
೧೯೬೪ನೆಯ ಇಸವಿಯ ಕೆನೆಬಣ್ಣದ ಅಮೆರಿಕನ್ ಕಾರಿನ ಹೊಟ್ಟೆಯ ಕೆಳಗೆ,
ನೂಲಿನ ಗೋದಾಮು, ಬನಹಟ್ಟಿ.

ವಿಷಯ: ಮೊದಲನೆಯ ಗೇರಿನಿಂದ ಎರಡನೆಯ ಗೇರಿಗೆ ಬಡ್ತಿ ಸ್ವೀಕರಿಸಲು ತಾವು ತೋರುತ್ತಿರುವ ಅತಿಯಾದ ವಿನಯದ ಕುರಿತು.

ಮಾನ್ಯರೇ,

ತಮ್ಮ ಎಣ್ಣೆಯ ಮಟ್ಟ ಸರಿಯಾಗಿದೆ, ಅದರ ಬಣ್ಣ ಕೈಪಿಡಿ ಹೇಳುವಂತೆ ಕೆಂಪಾಗಿಯೇ ಇದೆ, ತಮ್ಮ ಮೈಯಿಂದ ಎಲ್ಲಿಯೂ ಸೋರುತ್ತಿಲ್ಲ, ತಮ್ಮನ್ನು ಎತ್ತಿ ಹಿಡಿದ ಬೋಲ್ಟುಗಳೆಲ್ಲ ಬಿಗಿಯಾಗಿವೆ ಎಂಬುದನ್ನು ಇಂದು ಶನಿವಾರ ಬೆಳಿಗ್ಗೆ ಗೋದಾಮಿನ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗಿ ಸ್ವತಃ ನೋಡಿದ ಮೇಲೆಯೇ ಈ ಪತ್ರ ಬರೆಯಲು ಕುಳಿತಿದ್ದೇನೆ. ಹಿರಿಯರ ಕ್ಷೇಮ ವಿಚಾರಿಸದೆ ದೂರು ಹೇಳುವುದು ನಮ್ಮ ಮನೆಯ ಪದ್ಧತಿಯಲ್ಲ. ತಾವು ನನಗಿಂತ ಮೂವತ್ತೇಳು ವರ್ಷ ದೊಡ್ಡವರು. ನಾನು ತಮ್ಮನ್ನು ಈ ಊರಿಗೆ ತಂದ ದಿವಂಗತ ಜಿನ್ನಪ್ಪನವರ ಮೊಮ್ಮಗಳು, ಈಗ ತಮ್ಮ ಒಡೆತನ ಹೊಂದಿರುವ ಮನೋಜ ಅವರ ಮಗಳು, ಕನ್ನಡ ಎಂ.ಎ. ಮುಗಿಸಿ ಮನೆಯಲ್ಲಿರುವ ಕಾರಣಕ್ಕೆ, ಕಳೆದ ನಾಲ್ಕು ತಿಂಗಳಿಂದ ತಮ್ಮ ಇಂಗ್ಲಿಷ್ ಕೈಪಿಡಿಯ ಜೆರಾಕ್ಸ್ ಪ್ರತಿಯನ್ನು ಮುಧೋಳದ ಚನಮಲ್ಲಪ್ಪ ಮಿಸ್ತ್ರಿಯವರಿಗೆ ಓದಿ ಕನ್ನಡದಲ್ಲಿ ಹೇಳುವ ಕೆಲಸಕ್ಕೆ ನೇಮಕಗೊಂಡವಳು. ಇದನ್ನು ಬಹಿರಂಗ ಪತ್ರವಾಗಿ ಬರೆಯಲು ಕಾರಣವಿಷ್ಟೇ: ತಮಗೆ ಓದಲು ಬಾರದು, ಓದಲು ಬರುವ ನಮ್ಮ ಮನೆಯವರಿಗೆ ಮುಚ್ಚಿದ ಲಕೋಟೆಯನ್ನು ತೆರೆಯುವ ಅಭ್ಯಾಸವಿಲ್ಲ.

ಮೊದಲು ದೂರನ್ನು ಹೇಳಿಬಿಡುತ್ತೇನೆ. ಮೊನ್ನೆ ಬುಧವಾರ ಜಮಖಂಡಿ ರಸ್ತೆಯಲ್ಲಿ ನಾಲ್ಕನೆಯ ಸಲ ತಮ್ಮ ಪರೀಕ್ಷೆ ನಡೆಯಿತು. ಸ್ಟಿಯರಿಂಗ್ ಹಿಡಿದು ಕುಳಿತವರು ನನ್ನ ಸೋದರತ್ತೆ ಹೀರಾ. ಕೈಪಿಡಿಯ ಪ್ರಕಾರ ಇಪ್ಪತ್ತೈದು ಮೈಲಿ ವೇಗಕ್ಕೆ ತಾವು ಯಾರ ಅಪ್ಪಣೆಗೂ ಕಾಯದೆ ಮೊದಲನೆಯ ಗೇರು ಬಿಟ್ಟು ಎರಡನೆಯದಕ್ಕೆ ಹೋಗತಕ್ಕದ್ದು. ತಾವು ಹೋಗಲಿಲ್ಲ. ಮೂವತ್ತಾಯಿತು, ಮೂವತ್ತೈದಾಯಿತು, ಮೊದಲನೆಯ ಗೇರಿನಲ್ಲೇ ನಿಂತು ತಾವು ಹಾಕಿದ ಕೂಗಿಗೆ ರಸ್ತೆ ಬದಿಯ ಎಮ್ಮೆಗಳು ಕಬ್ಬಿನ ಗದ್ದೆಯೊಳಗೆ ಹೊಕ್ಕವು. ಅತ್ತೆ ಹೆದರಿ ವೇಗ ಇಳಿಸಿದರು. ಆಗ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಎರಡು ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರೊಂದು, ದೊಡ್ಡ ದನಿಯಲ್ಲಿ ಹಾಡು ಹಚ್ಚಿಕೊಂಡು, ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಯಿತು. ಅದರ ಡ್ರೈವರ್ ಕಿಟಕಿಯತ್ತ ಬಾಗಿ, “ಅಕ್ಕಾರ, ಹಗ್ಗ ಕಟ್ಟಲೇನ್ರೀ?” ಎಂದು ಕೇಳಿದ. ಅತ್ತೆ, “ನಿನ್ನ ಕಬ್ಬಿನ ತೂಕಕ್ಕ ನನ್ನದೂ ಸೇರಿಸಬ್ಯಾಡೋ ಯಪ್ಪಾ, ನಡಿ” ಎಂದರು. ಅವನು ನಕ್ಕ. ಅತ್ತೆ ನಗಲಿಲ್ಲ.

ತಮ್ಮಲ್ಲಿ ಈಗಿನ ಕಾರುಗಳಂತೆ ಆರು, ಎಂಟು ಗೇರುಗಳಿದ್ದಿದ್ದರೆ ಎಲ್ಲಿಗೆ ಹೋಗಬೇಕೆಂಬ ಗೊಂದಲವಾಗಿರಬಹುದೆಂದು ನಾನೇ ತಮ್ಮ ಪರವಾಗಿ ವಾದಿಸುತ್ತಿದ್ದೆ. ತಮ್ಮಲ್ಲಿರುವುದು ಎರಡೇ. ಒಂದಾದ ಮೇಲೆ ಎರಡು ಬರುತ್ತದೆಂಬುದು ನಮ್ಮ ಓಣಿಯ ಅಂಗನವಾಡಿಯಲ್ಲಿ ಮೊದಲ ವಾರವೇ ಹೇಳಿಕೊಡುವ ವಿಷಯ.

ತಾವು ನಿಧಾನಸ್ಥರು, ಇದರಲ್ಲಿ ಅವಸರವೇನು ಎನ್ನಬಹುದು. ಅವಸರವಿದೆ. ನಾಡಿದ್ದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಜಮಖಂಡಿಯಲ್ಲಿ ಹೀರಾ ಅತ್ತೆಯ ಡ್ರೈವಿಂಗ್ ಪರೀಕ್ಷೆಯಿದೆ. ಅವರಿಗೆ ಐವತ್ನಾಲ್ಕು ವರ್ಷ. ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೊದಿಂದ ಎಡಗಾಲು ಸೊರಗಿದೆ. ಕ್ಲಚ್ ಒತ್ತುವ ಶಕ್ತಿ ಅದಕ್ಕಿಲ್ಲ. ಕ್ಲಚ್ಚೇ ಇಲ್ಲದ ತಮ್ಮಂಥ ಮಹನೀಯರಿರುವ ಕಾರನ್ನು ಮಾತ್ರ ಅವರು ನಡೆಸಬಲ್ಲರು. ಅವರ ಕಲಿಕಾ ಲೈಸೆನ್ಸಿನ ಆರು ತಿಂಗಳ ಅವಧಿ ಬರುವ ಬುಧವಾರ ಮುಗಿಯುತ್ತದೆ. ಅದರ ನಂತರದ ಭಾನುವಾರ ನಮ್ಮ ತಂದೆಯವರು ತಮ್ಮನ್ನು ಟೆಂಪೊದ ಮೇಲೇರಿಸಿ ಬೆಳಗಾವಿಯ ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯಲಿದ್ದಾರೆ. ಅಲ್ಲಿಂದ ಬಂದ ಮೇಲೆ ತಮಗಾಗಿಯೇ ಕಟ್ಟಿಸುತ್ತಿರುವ ಗಾಜಿನ ಬಾಗಿಲಿನ ಶೆಡ್ಡಿನಲ್ಲಿ ತಾವು ಶಾಶ್ವತವಾಗಿ ವಿಶ್ರಮಿಸಲಿದ್ದೀರಿ. ಸೋಮವಾರ ಪಾಸಾದರೆ ಕಾರಿನ ಕೀಲಿ ಅತ್ತೆಯದು ಎಂದು ತಂದೆ ಮಾತು ಕೊಟ್ಟಿದ್ದಾರೆ. ಪಾಸಾಗುವುದಿಲ್ಲ ಎಂಬ ಭರವಸೆಯಿಂದ ಕೊಟ್ಟಿದ್ದಾರೆಂದು ನನ್ನ ಅನುಮಾನ. ಹೊಸ ಅಟೊಮ್ಯಾಟಿಕ್ ಕಾರು ತೆಗೆದುಕೊಳ್ಳಬಹುದಲ್ಲ ಎಂದು ನಾನೂ ಕೇಳಿದೆ. “ಹೊಸಾದು ಯಾರ ಮಾತರೆ ಕೇಳತೈತಿ, ಬಿಡು,” ಎಂದರು ಅತ್ತೆ. “ನನಗ ಇದರ ಜೋಡಿ ಮಾತ ಅದಾವು.”

ಅವರ ಮಾತು ಅವರಿಗಿರಲಿ. ತಮ್ಮ ಪೂರ್ವಚರಿತ್ರೆಯನ್ನು ನೆನಪಿಸುವ ಅಧಿಕಪ್ರಸಂಗತನವನ್ನು ನಾನು ಮಾಡುತ್ತೇನೆ, ಮನ್ನಿಸಬೇಕು.

ತಾವು ೧೯೭೯ರಲ್ಲಿ ಪುಣೆಯ ವ್ಯಾಪಾರಿಯೊಬ್ಬರಿಂದ ಅಜ್ಜನವರ ಕೈಗೆ ಬಂದು ಬನಹಟ್ಟಿಯನ್ನು ಪ್ರವೇಶಿಸಿದಾಗ ಓಣಿಯ ಮಗ್ಗಗಳೆಲ್ಲ ನಿಂತವಂತೆ. ಯಾರೂ ಹೇಳದೆ, ಯಾರೂ ಕೈಹಾಕದೆ, ತಾನಾಗಿಯೇ ಗೇರ್ ಬದಲಿಸುವ ಗಾಡಿ. ನೇಕಾರರು ನೂಲು ಒಯ್ಯಲು ಬಂದು ತಮ್ಮನ್ನು ನೋಡಿ ನೂಲು ಮರೆತು ಹೋದರೆಂದು ಇಂದಿಗೂ ಅಂಗಡಿಯಲ್ಲಿ ಹೇಳುತ್ತಾರೆ. ಆಗ ಅಜ್ಜನವರ ಡ್ರೈವರ್ ಆಗಿದ್ದವರು ಸಾವಳಗಿಯ ಬಸಗೊಂಡಪ್ಪ. ಅಲ್ಲಿಯವರೆಗೆ ಟ್ರ್ಯಾಕ್ಟರ್ ನಡೆಸಿದ ಕಾಲು ಅವರದು. ಆ ಎಡಗಾಲಿಗೆ ಕ್ಲಚ್ ಬೇಕು. ತಮ್ಮಲ್ಲಿ ಕ್ಲಚ್ ಇಲ್ಲ, ಆದರೆ ಅಂಗೈ ಅಗಲದ ಬ್ರೇಕ್ ಪೆಡಲ್ ಇದೆ. ಬಸಗೊಂಡಪ್ಪನವರ ಎಡಗಾಲು ಹೊಲ ಉಳುವ ಜೋರಿನಲ್ಲಿ ಅದನ್ನು ಕ್ಲಚ್ ಎಂದು ತುಳಿದರೆ, ತಾವು ನಿಂತಲ್ಲೇ ನಿಲ್ಲುವಿರಿ, ಹಿಂದೆ ಕೂತ ಅಜ್ಜನವರ ಟೋಪಿ ಮುಂದಿನ ಗಾಜಿಗೆ ಹೋಗಿ ಬಡಿಯುವುದು. “ಲೇ ಬಸಗೊಂಡಾ, ಆ ಕಾಲ ಮನ್ಯಾಗ ಬಿಟ್ಟ ಬಾ” ಎಂದು ಅಜ್ಜ ಬೈಯುತ್ತಿದ್ದರಂತೆ. ಬಸಗೊಂಡಪ್ಪ ಎಡಗಾಲನ್ನು ಸೀಟಿನ ಮೇಲೆ ಮಡಚಿಟ್ಟು, ಊಟಕ್ಕೆ ಕೂತವರಂತೆ ಕೂತು, ಎಂಟು ದಿನದಲ್ಲಿ ತಮ್ಮನ್ನು ಪಳಗಿಸಿಕೊಂಡರು. ಆ ಮೇಲೆ ಬೀಳಗಿ, ಮುಧೋಳ, ತೇರದಾಳ ಎಲ್ಲಿಗೆ ಹೋದರೂ ಟೋಪಿ ತಲೆಯ ಮೇಲೆಯೇ ಇರುತ್ತಿತ್ತು.

ಇಷ್ಟು ಸ್ವತಂತ್ರ ಬುದ್ಧಿಯ ತಾವು ಮುಂದೊಂದು ದಿನ ಎಂಥ ವಿಧೇಯರಾದಿರೆಂಬುದು ನಮ್ಮ ಮನೆಯ ಹೆಮ್ಮೆಯ ಕತೆ. ಅಜ್ಜನವರ ಅಪ್ಪಣೆಯ ಮೇರೆಗೆ ಚನಮಲ್ಲಪ್ಪ ಮಿಸ್ತ್ರಿಯವರು ತಮ್ಮ ಹೊಟ್ಟೆ ಬಿಚ್ಚಿ, ಒಳಗೆ ಎಣ್ಣೆ ಹರಿಯುವ ಸಣ್ಣ ಸಣ್ಣ ದಾರಿಗಳಲ್ಲಿ ಒಂದಕ್ಕೆ ತಾಮ್ರದ ಗೂಟ ಜಡಿದರು. ವೇಗ ಸಾಕಷ್ಟಾಯಿತು, ಇನ್ನು ಗೇರ್ ಬದಲಿಸು ಎಂದು ತಮಗೆ ಹೇಳಿಕಳಿಸುವ ಗವರ್ನರ್ ಎಂಬ ಅಂಗೈಯಲ್ಲಿ ಹಿಡಿಸುವ ಸಾಧನವನ್ನು, ಅದರ ಎರಡು ಪುಟ್ಟ ತೂಕಗಳ ಸಮೇತ, ಕಿತ್ತು ಹೊರಗಿಟ್ಟರು. ಗುಜರಿಯ ಟ್ರ್ಯಾಕ್ಟರಿನಿಂದ ಒಂದು ಪೆಡಲ್ಲು ತಂದು ಎಡಗಾಲಿನ ಮುಂದೆ ಕೂರಿಸಿ, ಅದಕ್ಕೆ ಎಣ್ಣೆಯ ನಲ್ಲಿಯೊಂದನ್ನು ಜೋಡಿಸಿದರು. ಆ ಪೆಡಲ್ಲನ್ನು ಕೊನೆಯವರೆಗೂ ಒತ್ತದೆ ತಾವು ಮುಂದೆ ಹೊರಡುವಂತಿಲ್ಲ, ಒತ್ತಿ ಕೈಯಿಂದ ಸನ್ನೆ ಎಳೆಯದೆ ಗೇರ್ ಬದಲಿಸುವಂತಿಲ್ಲ. ಅಮೆರಿಕದ ಎಂಜಿನಿಯರುಗಳು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ತೆಗೆದುಹಾಕಿದ ಕ್ಲಚ್ಚನ್ನು ಮುಧೋಳದ ಗ್ಯಾರೇಜಿನಲ್ಲಿ ಹತ್ತು ದಿನಗಳಲ್ಲಿ ಮರಳಿ ತರಲಾಯಿತು. ತಾವು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವರಿಗೆಲ್ಲ ಆ ಪೆಡಲ್ಲನ್ನು ತೋರಿಸಿ, “ಇದು ಬಸಗೊಂಡಪ್ಪನ ಪೆಡಲ್, ಅವನ ಎಡಗಾಲಿನ ಚಟಕ್ಕ ಹಾಕಿಸೀವಿ” ಎನ್ನುವುದು ಅಜ್ಜನವರ ರೂಢಿಯಾಯಿತು. ಬಂದವರು ನಗುತ್ತಿದ್ದರು. ನಾನೂ ಚಿಕ್ಕವಳಿದ್ದಾಗ ಎಷ್ಟೋ ಸಲ ನಕ್ಕಿದ್ದೇನೆ.

ಹೇಳಿದ ಮೇಲೆಯೇ ಏಳುವ, ಹೇಳಿದ ಮೇಲೆಯೇ ಕೂರುವ ಗುಣವನ್ನು ನಮ್ಮ ಕಡೆ ಮದುವೆಯ ಮಾತುಕತೆಯಲ್ಲಿ ಎಲ್ಲಕ್ಕಿಂತ ಮೊದಲು ಹೇಳುತ್ತಾರೆ. ತಾವು ಮನುಷ್ಯರಾಗಿದ್ದರೆ ಒಳ್ಳೊಳ್ಳೆ ಮನೆಗಳಿಂದ ಸಂಬಂಧಗಳು ಬರುತ್ತಿದ್ದವು.

ತಮ್ಮನ್ನು ಮತ್ತೆ ಮೊದಲಿನಂತೆ ಮಾಡುವ ಯೋಚನೆ ನಮ್ಮ ತಂದೆಯವರಿಗೆ ಬಂದದ್ದು ನ್ಯಾಯದ ಕಾರಣಕ್ಕಲ್ಲ. ಪ್ರದರ್ಶನದವರು ಕಳಿಸಿದ ನಿಯಮಗಳಲ್ಲಿ, ಕಾರು ತಯಾರಾದಾಗ ಹೇಗಿತ್ತೋ ಹಾಗೆಯೇ ಇರತಕ್ಕದ್ದು ಎಂದಿತ್ತು. ಮೂರನೆಯ ಪೆಡಲ್ಲು ಅಜ್ಜನವರ ನೆನಪು, ಅದೂ ಒಂದು ಲೆಕ್ಕದಲ್ಲಿ ಮೂಲದ್ದೇ ಎಂದು ತಂದೆ ಫೋನಿನಲ್ಲಿ ಅರ್ಧ ತಾಸು ವಾದಿಸಿ ಸೋತರು. ಹೀಗೆ ಎಪ್ಪತ್ತು ವಯಸ್ಸಿನ ಚನಮಲ್ಲಪ್ಪ ಮಿಸ್ತ್ರಿ, ಮೂವತ್ತಾರನೆಯ ವಯಸ್ಸಿನಲ್ಲಿ ತಾವೇ ಮಾಡಿದ ಕೆಲಸವನ್ನು ಬಿಚ್ಚಲು ಮುಧೋಳದಿಂದ ಬಂದರು. ಬಂದ ದಿನ ಹೀರಾ ಅತ್ತೆ ಗೋದಾಮಿನೊಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ತಮ್ಮ ಎದುರಿಗೆ ಕುಳಿತರು. ಆ ಮೇಲೆ ಒಂದು ದಿನವೂ ಆ ಕುರ್ಚಿ ಖಾಲಿಯಾಗಲಿಲ್ಲ.

ಕೆಲಸದ ಎರಡನೆಯ ವಾರ ತಮ್ಮ ಎಣ್ಣೆಯ ತಟ್ಟೆಯನ್ನು ಇಳಿಸಿ ಸೀಮೆಎಣ್ಣೆಯಲ್ಲಿ ತೊಳೆಯುವಾಗ ಅದರ ಒಳಮೈಯಲ್ಲಿ ಮೊಳೆಯಿಂದ ಕುಟ್ಟಿ ಬರೆದ ಅಂಕೆಗಳು ಕಂಡವು. ಕೆಲಸ ಮುಗಿದ ದಿನವನ್ನು ಹೀಗೆ ಒಳಗೆ ಬರೆದಿಡುವುದು ಮಿಸ್ತ್ರಿಯವರ ಹಳೆಯ ಪದ್ಧತಿಯಂತೆ. ೨೪-೩-೯೦ ಎಂದಿತ್ತು. ಗಣಿತದಲ್ಲಿ ನಾನು ಎಂದೂ ಚುರುಕಿನವಳಲ್ಲ. ಆದರೂ ತಾವು ಬಂದದ್ದು ಎಪ್ಪತ್ತೊಂಬತ್ತರಲ್ಲಿ, ಬಸಗೊಂಡಪ್ಪ ಪಳಗಿದ್ದು ಎಂಟು ದಿನಗಳಲ್ಲಿ, ಪೆಡಲ್ಲು ಹಾಕಿದ್ದು ಹನ್ನೊಂದು ವರ್ಷದ ಮೇಲೆ ಎಂದರೆ, ಈ ಚಟ ಹನ್ನೊಂದು ವರ್ಷ ಎಲ್ಲಿ ಮಲಗಿತ್ತು ಎಂಬ ಪ್ರಶ್ನೆ ನನಗೂ ಹುಟ್ಟಿತು. ಮೆಲ್ಲಗೆ ಮಿಸ್ತ್ರಿಯವರನ್ನು ಕೇಳಿದೆ. ಅವರು ತಟ್ಟೆಯನ್ನು ಒರೆಸುತ್ತಲೇ ಇದ್ದರು. ಒರೆಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

“ತಂಗಿ, ಸುಳ್ಳ ಯಾಕ ಹೇಳ್ಲಿ,” ಎಂದರು ಕೊನೆಗೆ. “ಬಸಗೊಂಡಪ್ಪನ ಕಾಲಿಗೆ ಏನೂ ಆಗಿದ್ದಿಲ್ಲ. ನಿಮ್ಮ ಅಜ್ಜಾರು ನಮ್ಮ ಗ್ಯಾರೇಜಿಗೆ ಬಂದು, ಎಡಗಾಲಿನಾಗ ಕಸುವಿಲ್ಲದವ್ರ ಕೈಯಾಗ ಈ ಗಾಡಿ ನಡೀಬಾರ್ದು, ಹಂಗ ಮಾಡು ಅಂದ್ರು. ಆಗೂದಿಲ್ಲ ಅನ್ನೂ ಕೆಲಸ ಮಾಡಿ ತೋರಸೂ ವಯಸ್ಸದು. ಯಾರ ಸಲುವಾಗಿ ಅಂತ ನಾ ಕೇಳಲಿಲ್ಲ. ಗಾಡಿ ಒಪ್ಪಿಸಾಕ ಈ ಮನಿಗೆ ಬಂದಾಗ ಅಕ್ಕಾರು ಕಟ್ಟಿ ಮ್ಯಾಲ ಕುಂತಿದ್ರು. ಅವರ ಕಾಲ ನೋಡಿದೆ. ಆಗ ತಿಳೀತು.”

ಮಿಸ್ತ್ರಿಯವರು ಆಮೇಲೆ ಬಸಗೊಂಡಪ್ಪನವರಿಂದ ಕೇಳಿ ತಿಳಿದಂತೆ ನಡೆದದ್ದು ಇಷ್ಟು. ಬಸಗೊಂಡಪ್ಪ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಗೋದಾಮಿನ ಬಯಲಿನಲ್ಲಿ ತಾನೇ ಕಲಿತುಕೊಂಡ ಇಪ್ಪತ್ತು ವರ್ಷದ ಹೀರಾ ಅತ್ತೆ, ಆ ಮಾರ್ಚಿನಲ್ಲಿ ಒಂದು ದಿನ, ರೈತರು ತಾವೇ ಕೂಡಿ ಕೃಷ್ಣೆಗೆ ಅಡ್ಡ ಕಟ್ಟಿದ ಬ್ಯಾರೇಜು ನೋಡಬೇಕೆಂದು ಒಬ್ಬರೇ ತಮ್ಮನ್ನು ಚಿಕ್ಕಪಡಸಲಗಿಗೆ ಒಯ್ದರು. ಸಂಜೆಯೊಳಗೆ ಮರಳಿ ಬಂದರು. ತಮ್ಮ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಅಷ್ಟರಲ್ಲಿ ಮೂವರು ಬೇರೆ ಬೇರೆ ಜನ ಅಂಗಡಿಗೆ ಬಂದು, “ಸಾವಕಾರ್ರ, ನಿಮ್ಮ ಕಾರು ಡ್ರೈವರ್ ಇಲ್ಲದ ತಾನ ಹೊಂಟಿತ್ತಲ್ರೀ” ಎಂದು ವರದಿ ಮಾಡಿದ್ದರು. ಸ್ಟಿಯರಿಂಗಿನ ಹಿಂದೆ ಹೆಣ್ಣುಮಗಳೊಬ್ಬಳು ಕುಳಿತಿರಬಹುದೆಂಬುದು ಆ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಜ್ಜನವರಿಗೆ ಹೊಳೆಯಿತು.

ಚನಮಲ್ಲಪ್ಪನವರು ಇದನ್ನೆಲ್ಲ ಹೇಳುವಾಗ ಅತ್ತೆ ಅಲ್ಲಿಯೇ ಕುರ್ಚಿಯಲ್ಲಿದ್ದರು. ನಾನು ಹೇಗೆ ತಲೆ ಎತ್ತಬೇಕೆಂದು ತಿಳಿಯದೆ ಕೈಪಿಡಿಯ ಪುಟ ತಿರುವುತ್ತಿದ್ದೆ.

“ನನಗ ಅವತ್ತ ಗೊತ್ತಾಗಿತ್ತ ಮಿಸ್ತ್ರಿ,” ಎಂದರು ಅತ್ತೆ. “ಬಸಗೊಂಡಪ್ಪ ನನ್ನ ಮುಂದ ಬಂದು ನಿಂತು, ನನ್ನ ಕಾಲಿನ ಸಲುವಾಗಿ ಹಾಕ್ಸ್ಯಾರ್ರೀ ಅಕ್ಕಾರ ಅಂತ ಅಳಾಕತ್ತಿದ್ದ. ಖರೇನ ಅವನ ಕಾಲಿನ ಸಲುವಾಗಿ ಆಗಿದ್ರ ಅವ ಯಾಕ ಅಳತಿದ್ದ?”

ಮಿಸ್ತ್ರಿ ಕೈಮುಗಿಯಲು ಹೋದರು. ಕೈತುಂಬ ಎಣ್ಣೆಯಿತ್ತು. “ಇರ್ಲಿ ಬಿಡ್ರಿ,” ಎಂದರು ಅತ್ತೆ. “ಹಾಕಿದಾವ್ರು ನೀವ, ತಗೀಯಾವ್ರೂ ನೀವ. ಹಂಗಾದ್ರ ನಿಮಗ ಜಾಗಾ ಹುಡುಕೂ ತ್ರಾಸ ಇಲ್ಲ.”

ಆ ಸಂಜೆ ತಂದೆಯವರಿಗೆ ವಿಷಯ ತಿಳಿಯಿತು. ಅವರು ಬಹಳ ಹೊತ್ತು ತಮ್ಮ ಹೆಡ್‌ಲೈಟನ್ನು ಬಟ್ಟೆಯಿಂದ ಉಜ್ಜಿದರು. ಆಮೇಲೆ, “ಅಪ್ಪಾ ನಿನ್ನ ಚಲೋದಕ್ಕ ಮಾಡಿರಬೇಕ ಹೀರಾ,” ಎಂದರು. “ಹೌದಣ್ಣಾ,” ಎಂದರು ಅತ್ತೆ, “ಮೂವತ್ನಾಕ ವರ್ಷ ಚಲೋನ ಆಗೇನಲ್ಲ.” ಕಲಿಕಾ ಲೈಸೆನ್ಸಿಗೆ ತಿಂಗಳುಗಳ ಹಿಂದೆಯೇ ಅರ್ಜಿ ಹಾಕಿದ್ದನ್ನು ಅತ್ತೆ ಮನೆಯಲ್ಲಿ ಹೇಳಿದ್ದು ಆಗಲೇ. ಪಾಸಾದರೆ ಕೀಲಿ ನಿನ್ನದು ಎಂಬ ಮಾತು ಬಂದದ್ದೂ ಆಗಲೇ.

ಮಾನ್ಯರೇ, ತಮ್ಮಲ್ಲಿ ನನಗೊಂದು ಸಣ್ಣ ಅಸಮಾಧಾನವಿದೆ. ಅಜ್ಜನವರು ತೀರಿಕೊಂಡರು; ಅವರನ್ನು ಕೇಳುವಂತಿಲ್ಲ. ಬಸಗೊಂಡಪ್ಪನವರೂ ತಮ್ಮದಲ್ಲದ ಚಟವನ್ನು ಕೊನೆಯವರೆಗೂ ಹೊತ್ತು ಹೋದರು. ಮಿಸ್ತ್ರಿಯವರು ಕೇಳಿದ ಮೊದಲ ದಿನವೇ ಒಪ್ಪಿಕೊಂಡರು. ತಾವೊಬ್ಬರೇ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ತಾರೀಖಿನ ಸಮೇತ ಬರೆಸಿಕೊಂಡು, ಮದುವೆಯ ಮನೆಗಳಿಗೂ ಮುಹೂರ್ತಗಳಿಗೂ ಬಂಧುಗಳನ್ನು ಹೊತ್ತು ತಿರುಗಿದಿರಿ. ಆ ಬಂಧುಗಳ ನಡುವೆ ಹಿಂದಿನ ಸೀಟಿನಲ್ಲಿ ಹೀರಾ ಅತ್ತೆಯೂ ಇರುತ್ತಿದ್ದರು.

ಇನ್ನು ಗವರ್ನರ್ ಸಾಹೇಬರ ವಿಷಯ. ತಾಮ್ರದ ಗೂಟ ತೆಗೆದಾಯಿತು, ಪೆಡಲ್ಲು ಕಿತ್ತಾಯಿತು, ಎಲ್ಲ ಇದೆ, ತಮಗೆ ಬುದ್ಧಿ ಹೇಳುವ ಗವರ್ನರ್ ಮಾತ್ರ ಇಲ್ಲ. ಹಿರಿಯ ಸಾವಕಾರರ ಕೈಗೇ ಕೊಟ್ಟಿದ್ದೆ ಎಂದರು ಮಿಸ್ತ್ರಿ. ಅಟ್ಟ ಹುಡುಕಿದೆವು, ಟ್ರಂಕು ಹುಡುಕಿದೆವು, ಮುಂಬೈಯ ಬಿಡಿಭಾಗಗಳ ಅಂಗಡಿಗೂ ಫೋನು ಮಾಡಿ ಕೇಳಿದೆವು. ಹದಿನೈದು ದಿನಗಳ ಮೇಲೆ ಮಿಸ್ತ್ರಿಯವರು ಚಹಾ ಕುಡಿಯಲು ನಮ್ಮ ನೂಲಿನ ಅಂಗಡಿಗೆ ಬಂದರು. ಗಲ್ಲೆಯ ಪಕ್ಕದಲ್ಲಿ ಮದುವೆ ಕರೆಯೋಲೆಗಳು ಫ್ಯಾನಿನ ಗಾಳಿಗೆ ಹಾರದಂತೆ ಅವುಗಳ ಮೇಲೆ ಇಟ್ಟಿದ್ದ ಕಬ್ಬಿಣದ ತುಂಡನ್ನು ನೋಡಿದರು. ಚಹಾದ ಕಪ್ಪು ಕೆಳಗಿಟ್ಟು, “ಸಾವಕಾರ್ರ, ಇದ ಅಲ್ಲೇನ್ರೀ” ಎಂದರು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದ, ತಂದೆಯವರು ದಿನಕ್ಕೆ ನೂರು ಸಲ ಎತ್ತಿಡುತ್ತಿದ್ದ ತೂಕ ಅದು. ತಾನಾಗಿ ನಿರ್ಧರಿಸಬಲ್ಲ ಈ ಮನೆಯ ಏಕೈಕ ಸಾಧನವನ್ನು ಅಜ್ಜನವರು ಇತರರ ಮದುವೆಯ ಕಾಗದಗಳನ್ನು ಒತ್ತಿ ಹಿಡಿಯುವ ಉದ್ಯೋಗಕ್ಕೆ ಹಚ್ಚಿದ್ದರು.

ಸಂಭ್ರಮದಿಂದ ಅದನ್ನು ತಮ್ಮೊಳಗೆ ಕೂರಿಸಲಾಯಿತು. ಆ ಮೇಲಿನ ನಾಲ್ಕು ಪರೀಕ್ಷೆಗಳಲ್ಲಿ ನಡೆದದ್ದು ತಮಗೇ ಗೊತ್ತು.

ಗುರುವಾರವಿಡೀ ನಾನು ಕೈಪಿಡಿಯ ಆ ಅಧ್ಯಾಯವನ್ನು ಮೂರು ಸಲ ಓದಿ ಹೇಳಿದೆ. ವೇಗ ಹೆಚ್ಚಾದಂತೆ ಗವರ್ನರಿನ ತೂಕಗಳು ಹೊರಕ್ಕೆ ಅರಳಬೇಕು, ಅರಳಿದರೆ ಎಣ್ಣೆಯ ಒತ್ತಡ ಏರುತ್ತದೆ, ಏರಿದರೆ ತಾವು ಏಳುತ್ತೀರಿ ಎಂದಿತ್ತು. ಮಿಸ್ತ್ರಿ ಪ್ರತಿ ವಾಕ್ಯಕ್ಕೂ ಹೂಂ ಅಂದರು. ನಿನ್ನೆ ಮತ್ತೆ ಅದನ್ನು ಬಿಚ್ಚಿ ಹೊರತೆಗೆದಾಗ ನಾನು ಹತ್ತಿರದಿಂದ ನೋಡಿದೆ. ತೂಕಗಳ ಸಂದಿನಲ್ಲಿ ಕಂದು ಬಣ್ಣದ, ಕಲ್ಲಿನಷ್ಟು ಗಟ್ಟಿಯಾದ ಏನೋ ತುಂಬಿಕೊಂಡಿತ್ತು. ಇದೇನು ಎಂದೆ. “ಕುಂಕುಮ” ಎಂದರು ಮಿಸ್ತ್ರಿ, ಗೊತ್ತಿದ್ದ ವಿಷಯವನ್ನೇಕೆ ಕೇಳುತ್ತೀ ಎಂಬಂತೆ.

ದೀಪಾವಳಿಯಲ್ಲಿ ಅಂಗಡಿಯ ಪೂಜೆಯ ದಿನ ನಮ್ಮಲ್ಲಿ ತಕ್ಕಡಿಗೆ, ಗಜಕಡ್ಡಿಗೆ, ಫೋನಿಗೆ, ಗಲ್ಲೆಯ ಪಕ್ಕದಲ್ಲಿರುವ ಪ್ರತಿಯೊಂದು ವಸ್ತುವಿಗೆ ಅರಿಶಿಣ ಕುಂಕುಮ ಹಚ್ಚಿ ಒಡೆದ ತೆಂಗಿನಕಾಯಿಯ ನೀರು ಚಿಮುಕಿಸುತ್ತಾರೆ. ಮೂವತ್ತೈದು ದೀಪಾವಳಿಗಳ ಅರಿಶಿಣ ಕುಂಕುಮ ಆ ಸಂದಿಯಲ್ಲಿ ಪದರು ಪದರಾಗಿ ಕೂತು ತೂಕಗಳು ಅಲುಗದಂತೆ ಹಿಡಿದಿತ್ತು. ಮಿಸ್ತ್ರಿಯವರು ಅದನ್ನು ಕೂರಿಸುವ ಮೊದಲೇ ಕಂಡಿದ್ದರು. ಕೆರೆದು ತೆಗೆಯಲಿಲ್ಲ. ಕಣ್ಣಿಗೊತ್ತಿಕೊಂಡು ಹಾಗೆಯೇ ಕೂರಿಸಿದ್ದರು.

“ಪೂಜಿ ಆದದ್ದು ತಂಗಿ,” ಎಂದರು. “ಲಕ್ಷ್ಮೀ ಮುಂದ ಇಟ್ಟದ್ದು. ಅದಕ್ಕ ಸ್ಕ್ರೂಡ್ರೈವರ್ ಹಾಕಿ ಹೆಂಗ ಕೆರೀಲಿ?”

ತಂದೆಯವರು ಬಾಗಿಲಲ್ಲಿ ನಿಂತು, “ಅದೂ ಖರೇನ” ಎಂದರು. ಇಬ್ಬರೂ ಗವರ್ನರಿಗೆ ಕೈಮುಗಿದರು. ಕಲಿಕಾ ಲೈಸೆನ್ಸಿಗೆ ಐದು ದಿನ ಉಳಿದಿತ್ತು.

ಅತ್ತೆ ಕುರ್ಚಿಯಿಂದ ಎದ್ದರು. ಗವರ್ನರನ್ನು ಕೈಗೆ ತೆಗೆದುಕೊಂಡು ಸೀಮೆಎಣ್ಣೆಯ ಬಟ್ಟಲಿನಲ್ಲಿ ಮುಳುಗಿಸಿ ಇಟ್ಟರು. ಚಹಾ ಕುಡಿದರು. ಆಮೇಲೆ ಸೆರಗಿನ ಪಿನ್ನು ಬಿಚ್ಚಿ ಸಂದಿಯೊಳಗೆ ಹಾಕಿ ಸಾವಧಾನವಾಗಿ ಕೆರೆಯತೊಡಗಿದರು. “ಅಕ್ಕಾರ, ದೇವರದು…” ಎಂದು ಮಿಸ್ತ್ರಿ ಶುರುಮಾಡಿದರು. “ದೇವ್ರಿಗೆ ನಾ ಹೇಳತೇನಿ, ನೀವು ಬ್ಯಾಟ್ರಿ ಬೆಳಕ ಹಿಡೀರಿ,” ಎಂದರು ಅತ್ತೆ. ಕೆಂಪು ಹಳದಿ ಪುಡಿ ಬಟ್ಟಲಿನ ತಳಕ್ಕೆ ಇಳಿಯುತ್ತ ಹೋಯಿತು. ಅರ್ಧ ತಾಸಿನ ಮೇಲೆ ಒಂದು ತೂಕ ಅಲುಗಿತು. ಇನ್ನರ್ಧ ತಾಸಿನ ಮೇಲೆ ಇನ್ನೊಂದು. ಅತ್ತೆ ಅದನ್ನು ಬೆರಳ ತುದಿಯಿಂದ ಸುಮ್ಮನೆ ಅತ್ತಿತ್ತ ಆಡಿಸುತ್ತ ಕೂತಿದ್ದರು, ಮಗುವಿನ ಗಿಲಕಿಯನ್ನು ಆಡಿಸುವಂತೆ. ಪುಡಿಯಿದ್ದ ಸೀಮೆಎಣ್ಣೆಯನ್ನು ಯಾರೂ ತುಳಿಯದ ಜಾಗದಲ್ಲಿ ಚೆಲ್ಲಿ ಬರಲು ತಂದೆಯವರೇ ಹೋದರು.

ನಾಳೆ ಭಾನುವಾರ ಅದನ್ನು ಮರಳಿ ಕೂರಿಸಲಾಗುವುದು. ಇನ್ನೊಮ್ಮೆ ರಸ್ತೆಗೆ ಇಳಿಸಿ ನೋಡಲು ಮಿಸ್ತ್ರಿಯವರಿಗೆ ವೇಳೆ ಸಿಗುವ ಭರವಸೆಯಿಲ್ಲ. ಸಂಜೆ ಅವರ ಮೊಮ್ಮಗಳ ನಿಶ್ಚಿತಾರ್ಥವಿದೆ. ಹೀಗಾಗಿ ತಮ್ಮ ನಿಜವಾದ ಪರೀಕ್ಷೆಯೂ ಅತ್ತೆಯ ಪರೀಕ್ಷೆಯೂ ಒಂದೇ ಮೈದಾನದಲ್ಲಿ, ಒಂದೇ ಹೊತ್ತಿಗೆ ನಡೆಯಲಿದೆ.

ಈ ಸಂದರ್ಭದಲ್ಲಿ ಕೆಲವು ಬೇಡಿಕೆಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಎಂಟರ ಆಕಾರದ ತಿರುವುಗಳಲ್ಲಿ ತಾವು ಮೊದಲನೆಯ ಗೇರಿನಲ್ಲಿದ್ದರೆ ನಮ್ಮ ಆಕ್ಷೇಪವಿಲ್ಲ. ಅದಾದ ಮೇಲೆ ನೇರ ದಾರಿ ಸಿಗುತ್ತದೆ. ಅಲ್ಲಿ, ಪಕ್ಕದಲ್ಲಿ ಪರೀಕ್ಷೆ ಮಾಡುವ ಸಾಹೇಬರು ಕೂತಿದ್ದಾರೆಂದು ನಾಚದೆ, ಹಿಂದೆ ಅತ್ತೆಯ ಅಣ್ಣನವರು ನಿಂತು ನೋಡುತ್ತಿದ್ದಾರೆಂದು ಹಿಂಜರಿಯದೆ, ಯಾರಾದರೂ ಎದ್ದು ನಿಲ್ಲು ಎನ್ನಲಿ ಎಂದು ಕಾಯದೆ, ಎರಡನೆಯ ಗೇರಿಗೆ ದಯಮಾಡಿಸಬೇಕು. ತಮಗೆ ಅಪ್ಪಣೆಯೇ ಬೇಕೆಂದಿದ್ದರೆ ಈ ಪತ್ರವನ್ನೇ ಅಪ್ಪಣೆಯೆಂದು ತಿಳಿಯಬಹುದು. ಇದು ಕೊನೆಯ ಅಪ್ಪಣೆ, ಇನ್ನು ಮೇಲೆ ಯಾರಿಂದಲೂ ತಮಗೆ ಅಪ್ಪಣೆ ಬರುವುದಿಲ್ಲ ಎಂಬುದನ್ನೂ ಇದೇ ಅಪ್ಪಣೆಯಲ್ಲಿ ಸೇರಿಸಿದ್ದೇನೆ.

ಇನ್ನೊಂದು ವಿನಂತಿ. ಮಾಡಿಕೊಟ್ಟೇ ಕೊಡಬೇಕೆಂಬ ಒತ್ತಾಯವಿಲ್ಲ. ಇಷ್ಟೆಲ್ಲದರ ನಡುವೆಯೂ ತಮ್ಮ ರಿವರ್ಸ್ ಗೇರು ಬಲು ಚೊಕ್ಕವಾಗಿ ಕೆಲಸ ಮಾಡುತ್ತಿದೆ. ಅದರಲ್ಲಿ ಎಷ್ಟು ಹಿಂದಕ್ಕೆ ಹೋಗಲು ಸಾಧ್ಯವೆಂದು ಕೈಪಿಡಿಯಲ್ಲಿ ಎಲ್ಲಿಯೂ ಬರೆದಿಲ್ಲ. ೧೯೯೦ರ ಮಾರ್ಚ್ ತಿಂಗಳ ಆ ಸಂಜೆಯವರೆಗೆ ಹೋಗಿ, ಚಿಕ್ಕಪಡಸಲಗಿಯಿಂದ ಮರಳುತ್ತಿರುವ ಹುಡುಗಿಗೆ ಮನೆಯ ಕಡೆಗಿನ ತಿರುವು ತೋರಿಸದೆ ಮುಂದಕ್ಕೆ ಕರೆದೊಯ್ಯಲು ಬರುವುದಾದರೆ ತಿಳಿಸಬೇಕು. ನಮ್ಮ ಹುಟ್ಟಿನಲ್ಲೇನಾದರೂ ಏರುಪೇರಾದರೆ ನಾವು ಸಹಿಸಿಕೊಳ್ಳುತ್ತೇವೆ.

ಇಷ್ಟು ಹೇಳಿ, ತಮ್ಮ ಎಣ್ಣೆ ಸದಾ ಕೆಂಪಾಗಿಯೇ ಇರಲಿ ಎಂದು ಹಾರೈಸಿ, ಮುಗಿಸುತ್ತೇನೆ.

ಸೋಮವಾರ ಹತ್ತೂವರೆಯವರೆಗೆ ಖಂಡಿತವಾಗಿ, ಆ ಮೇಲೆ ಪರಿಸ್ಥಿತಿಗನುಗುಣವಾಗಿ,
ತಮ್ಮ ವಿಶ್ವಾಸಿ,
ಭಕ್ತಿ

ತಾ.ಕ.: ಪತ್ರವನ್ನು ಗೋದಾಮಿನ ಬಾಗಿಲಿಗೆ ಅಂಟಿಸಲು ಗೋಂದು ಹುಡುಕುವಷ್ಟರಲ್ಲಿ ಒಂಬತ್ತು ದಿನ ಕಳೆದಿವೆ. ಆದ್ದರಿಂದ ನಡೆದದ್ದನ್ನೂ ಸೇರಿಸುತ್ತಿದ್ದೇನೆ. ಕಳೆದ ಸೋಮವಾರ ನೇರ ದಾರಿಯ ಮಧ್ಯದಲ್ಲಿ ಸಾಹೇಬರು, “ಅಕ್ಕಾರ, ಇನ್ನ ಗೇರ್ ಹಾಕ್ರಿ” ಎಂದಾಗ ಅತ್ತೆ, “ಅದು ಆಗಲೇ ಹಾಕ್ಕೊಂಡೈತ್ರೀ” ಎಂದರಂತೆ. “ಯಾವಾಗ್ರೀ?” ಎಂದರಂತೆ ಅವರು. ತಮ್ಮ ಸೇವೆಗೆ ಧನ್ಯವಾದಗಳು. ಲೈಸೆನ್ಸ್ ಮಂಜೂರಾಯಿತು, ಕೀಲಿ ಕೈ ಬದಲಾಯಿತು.

ನಿನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ತಮ್ಮನ್ನು ಬೆಳಗಾವಿಗೆ ಒಯ್ಯಲು ಟೆಂಪೊ ಬಂದಾಗ ಗೋದಾಮು ಖಾಲಿಯಿತ್ತು. ಅಜ್ಜನವರ ಹೆಸರನ್ನು ಚಿನ್ನದ ಬಣ್ಣದಲ್ಲಿ ಬರೆಸಿದ ಬೋರ್ಡನ್ನು ಹಿಡಿದುಕೊಂಡು ತಂದೆಯವರು ಹತ್ತು ಗಂಟೆಯವರೆಗೆ ಹೊಸ್ತಿಲಲ್ಲಿ ನಿಂತಿದ್ದರು. ತಾವು ಮತ್ತು ಅತ್ತೆ ಸಂಜೆ ಐದಕ್ಕೆ ಮರಳಿದಿರಿ. ಎಲ್ಲಿಗೆ ಹೋಗಿದ್ದಿ ಎಂದು ತಂದೆ ಕೇಳಿದ್ದಕ್ಕೆ ಅತ್ತೆ, “ಹೊರಗ” ಎಂದರು. ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತರು. ಆಗಿನಿಂದ ತಂದೆಯವರು ತಮ್ಮ ಸುತ್ತ ಸುಳಿದಾಡುತ್ತಿದ್ದಾರೆ, ಬಗ್ಗಿ ಟೈರಿಗೆ ಅಂಟಿದ ಮಣ್ಣು ಕರಿಯೋ ಕೆಂಪೋ ನೋಡುತ್ತಿದ್ದಾರೆ, ಮೈಲಿ ತೋರಿಸುವ ಮೀಟರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದಾರೆ. ಇಂದೋ ನಾಳೆಯೋ ತಮ್ಮನ್ನೇ ನೇರವಾಗಿ ವಿಚಾರಿಸಬಹುದು. ಮೂವತ್ನಾಲ್ಕು ವರ್ಷ ಅಜ್ಜನವರ ಪರವಾಗಿ ಬಾಯಿ ಬಿಡದೆ ಇದ್ದವರು ತಾವು. ಆ ಸದಭ್ಯಾಸವನ್ನು ಇನ್ನು ಮುಂದೆ ಅತ್ತೆಯ ಪರವಾಗಿ ಮುಂದುವರಿಸಬೇಕಾಗಿ ಪ್ರಾರ್ಥನೆ. ತೀರ ಒತ್ತಾಯ ಮಾಡಿದರೆ, ಎರಡನೆಯ ಗೇರಿನಲ್ಲಿದ್ದೆವು ಎಂದಷ್ಟೇ ಹೇಳಿ.